'ಆದಿ' ಅಂದ್ರೆ ಯಾವಾಗ? ಮೂಗು, ಮೂಳೆ, ರಕ್ತ ಮತ್ತು ಬಾಬಾಸಾಹೇಬರು

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಮದ್ದೂರು ಅಂದ ಕೂಡಲೇ ಎಲ್ಲರಿಗೂ ವಡೆ ನೆನಪಾಗುತ್ತೆ. ಆ ಮದ್ದೂರು ಮಂಡ್ಯದ್ದು. ನಾನು ಹೇಳ್ತಿರೋದು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಬಂಡೀಪುರದ ಅಂಚು, ಸುಲ್ತಾನ್ ಬತ್ತೇರಿ ರಸ್ತೆ, ರಾತ್ರಿ 9 ಆದ್ರೆ ಗೇಟ್ ಬೀಳುತ್ತಲ್ಲ, ಆ ಮದ್ದೂರು. ಹೋದ ತಿಂಗಳು ಅಲ್ಲಿಯ ಹಾಡಿಗೆ ಹೋಗಿದ್ದೆ, ಅರಣ್ಯ ಹಕ್ಕಿನ ಅರ್ಜಿಗಳ ಕೆಲಸ ಇತ್ತು. ಪಿಯುಸಿ ಓದಿರೋ ಹುಡುಗನೊಬ್ಬ ಮೊಬೈಲ್ ತೋರಿಸಿ ಕೇಳಿದ. "ಅಣ್ಣ, ಯಾರೋ ಬಂದು ಎಂಜಲು ತಕ್ಕೊಂಡು ಡಿಎನ್‌ಎ ನೋಡ್ತಾರಂತೆ. ನಾವೇ ಈ ದೇಶದ ಮೊದಲ ಜನ ಅಂತ ರಿಪೋರ್ಟ್ ಬಂದ್ರೆ ಹಕ್ಕುಪತ್ರಕ್ಕೆ ಸೇರಿಸಬಹುದಾ?"

ನನಗೆ ಥಟ್ಟನೆ ಉತ್ತರ ಹೊಳೀಲಿಲ್ಲ. ನಗೋಕೂ ಆಗಲಿಲ್ಲ. ಯಾಕಂದ್ರೆ ನಾನೂ ಇಪ್ಪತ್ತು ವರ್ಷದ ಹಿಂದೆ ಹಂಗೇ ನಂಬಿದ್ದೋನು. ವೇದಿಕೆ ಹತ್ತಿ "ಡಿಎನ್‌ಎ ಪ್ರೂವ್ ಮಾಡಿದೆ, ನಾವೇ ಮೂಲನಿವಾಸಿಗಳು, ಅವರು ವಿದೇಶಿಗಳು" ಅಂತ ಗಂಟಲು ಹರಿಯೋ ಹಂಗೆ ಭಾಷಣ ಮಾಡಿದ್ದೋನು. ಚಪ್ಪಾಳೆ ಚೆನ್ನಾಗಿ ಬೀಳ್ತಿತ್ತು.

ಇನ್ನೊಂದು ವಿಚಾರ. 2025ರ ಮೇ ತಿಂಗಳಲ್ಲಿ ಒಳಮೀಸಲಾತಿ ಸಮೀಕ್ಷೆಗೆ ಮೇಷ್ಟ್ರೊಬ್ಬರು ನಮ್ಮ ಮನೆಗೆ ಬಂದರು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಅದು. ನಮ್ಮವ್ವ "ಎಕೆ ಕನಪ್ಪ" ಅಂದಳು. "ಎಕೆ ಅಂದ್ರೆ ಎಡಗೈಯಾ ಬಲಗೈಯಾ ತಾಯಿ?" ಅಂದರು ಮೇಷ್ಟ್ರು. ನಮ್ಮವ್ವ ನನ್ನ ಮುಖ ನೋಡಿದಳು. ಸರ್ಟಿಫಿಕೇಟಿನಲ್ಲಿ 'ಆದಿ ಕರ್ನಾಟಕ' ಅಂತ ಇದೆ, ಅದು ಜಾತಿಯ ಹೆಸರೇ ಅಲ್ಲ. ಅದೊಂದು ವಾದ. ಹೊಲೆಯ, ಮಾದಿಗ ಅನ್ನೋ ಬೈಗುಳದಂತಾದ ಹೆಸರುಗಳ ಜಾಗಕ್ಕೆ, 'ಪಂಚಮ' ಅನ್ನೋ ಐದನೇ ದರ್ಜೆಯ ಹೆಸರಿನ ಜಾಗಕ್ಕೆ, 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಬಂದ ವಾದ: ನಾವು ಈ ನೆಲದ ಮೊದಲಿಗರು. ಆಗ ದೇಶದ ತುಂಬ ಈ ಗಾಳಿ ಇತ್ತು. 1917ರಲ್ಲಿ ವಿಜಯವಾಡದಲ್ಲಿ ಭಾಗ್ಯರೆಡ್ಡಿ ವರ್ಮರ ಅಧ್ಯಕ್ಷತೆಯಲ್ಲಿ ಸೇರಿದ ಪಂಚಮರ ಸಮ್ಮೇಳನ ಆದಿ ಆಂಧ್ರ ಸಮ್ಮೇಳನ ಆಯಿತು. ಮದರಾಸಿನಲ್ಲಿ ಆದಿ ದ್ರಾವಿಡ. ಪಂಜಾಬಿನಲ್ಲಿ ಮಂಗೂರಾಮರ ಆದ್ ಧರ್ಮ. ಉತ್ತರ ಪ್ರದೇಶದಲ್ಲಿ ಸ್ವಾಮಿ ಅಚ್ಛೂತಾನಂದರ ಆದಿ ಹಿಂದೂ. ಕೆರೆಗೆ ಇಳಿಯೋಕೆ ಬಿಡದವರಿಗೆ "ಕೆರೆ ಕಟ್ಟಿದ ನೆಲವೇ ನಮ್ಮದು ಕಣೋ" ಅಂತ ಹೇಳೋ ಧೈರ್ಯ ಆ ಎರಡಕ್ಷರದಲ್ಲಿತ್ತು. ಅದನ್ನ ನಾನು ಕಡೆಗಣಿಸೋದಿಲ್ಲ.

ಆದರೆ 'ಆದಿ' ಅಂದ್ರೆ ಯಾವಾಗ? ಇದನ್ನ ಹೇಳೋಕೆ ಹೊರಟ ವಿಜ್ಞಾನಗಳು ಒಂದಲ್ಲ, ಹತ್ತಾರು. ಕಲ್ಲು ನೋಡೋರು, ಮೂಳೆ ನೋಡೋರು, ಮೂಗು ಅಳೆಯೋರು, ರಕ್ತ ನೋಡೋರು, ಸುಟ್ಟ ಕಾಳು ಹುಡುಕೋರು. ಇವರೆಲ್ಲ ಒಂದಲ್ಲ ಒಂದು ಸಲ ನಮ್ಮ ಬಾಗಿಲಿಗೆ ಬಂದಿದ್ದಾರೆ. ಮೊದಲು ಬಂದೋರು ಮೂಗಿನವರು.

ಮದ್ದೂರು ಗೇಟ್ ದಾಟಿ ಕಾಡು ಮುಗಿದರೆ ವಯನಾಡು. ನೂರು ವರ್ಷಕ್ಕೂ ಹಿಂದೆ ಅಲ್ಲಿಗೆ ಎಡ್ಗರ್ ಥರ್ಸ್ಟನ್ ಬಂದ. ಮದರಾಸು ಸರ್ಕಾರಿ ಮ್ಯೂಸಿಯಂನ ಮುಖ್ಯಸ್ಥ. ಕೈಯಲ್ಲಿ ಕ್ಯಾಲಿಪರ್, ಎತ್ತರ ಅಳೆಯೋ ಕೋಲು. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ತಂದ. ಅದರ ಪೀಠಿಕೆಯಲ್ಲಿ ಅವನೇ ಬರೆದುಕೊಂಡಿದ್ದಾನೆ: ವಯನಾಡಿನ ಪಣಿಯ ಹೆಂಗಸರು ಅವನನ್ನ ಕಂಡು ಓಡಿಹೋದರಂತೆ. ತಮ್ಮಲ್ಲಿ ಚೆನ್ನಾಗಿರೋರನ್ನ ಹಿಡಿದು, ಒಳಗೆ ಹತ್ತಿ ತುಂಬಿ ಮ್ಯೂಸಿಯಂನಲ್ಲಿ ನಿಲ್ಲಿಸ್ತಾನೆ ಅನ್ನೋ ಭಯ. ನೀಲಗಿರಿಯ ಇರುಳನೊಬ್ಬ ಎತ್ತರದ ಕೋಲನ್ನ ನೇಣುಗಂಬ ಅಂದುಕೊಂಡು ಹತ್ತಿರಕ್ಕೇ ಬರಲಿಲ್ಲ. ಥರ್ಸ್ಟನ್ ಇದನ್ನ ತಮಾಷೆಗೆ ಬರೆದದ್ದು. ನನಗೆ ಓದುವಾಗ ತಮಾಷೆ ಅನ್ನಿಸಲಿಲ್ಲ. ಆ ಹೆಂಗಸರ ಲೆಕ್ಕ ತೀರಾ ತಪ್ಪಿತ್ತು ಅಂತ ಹೇಗೆ ಹೇಳೋದು? ಹತ್ತಿ ತುಂಬಲಿಲ್ಲ ನಿಜ, ಆದರೆ ಅಳತೆಗಳು ಪುಸ್ತಕದಲ್ಲಿ ಇವತ್ತಿಗೂ ನಿಂತಿವೆ.

ಇವರ ಗುರು ಹರ್ಬರ್ಟ್ ರಿಸ್ಲೆ. 1901ರ ಜನಗಣತಿಯ ಕಮಿಷನರ್. ಮೂಗಿನ ಅಗಲವನ್ನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸೋದು, ಅದೇ ಮೂಗಿನ ಸೂಚ್ಯಂಕ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ, ಕಿರಿದಾದಷ್ಟೂ ಮೇಲೆ ಅನ್ನೋದು ರಿಸ್ಲೆಯ ನಿಯಮ. ಅಂದ್ರೆ ಮೇಲಿನೋರು ಆರ್ಯ ರಕ್ತ, ಕೆಳಗಿನೋರು ಸೋತ ರಕ್ತ, ಜಾತಿ ಅನ್ನೋದು ರಕ್ತದ ಮೆಟ್ಟಿಲು. ಅವನ ಗಣತಿಯಲ್ಲೇ ಜಾತಿಗಳನ್ನ 'ಸಾಮಾಜಿಕ ಅಂತಸ್ತಿನ' ಪ್ರಕಾರ ಮೇಲೆ ಕೆಳಗೆ ಜೋಡಿಸಿದರು. ಮನು ಬಾಯಲ್ಲಿ ಹೇಳಿದ್ದಕ್ಕೆ ಕ್ಯಾಲಿಪರ್ ಸಹಿ ಹಾಕಿತು ಅಷ್ಟೇ.

ಈಗ ಬಾಬಾಸಾಹೇಬರು ಏನು ಮಾಡಿದರು ನೋಡಿ. ಇದನ್ನ ನಮ್ಮ ಹುಡುಗರು ಓದಲೇಬೇಕು.

1916ರ ಮೇ 9. ಅವರಿಗೆ ಆಗ 25 ವರ್ಷ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋಲ್ಡನ್‌ವೈಸರ್ ಅನ್ನೋ ಮಾನವಶಾಸ್ತ್ರಜ್ಞರ ಸೆಮಿನಾರು. ಬಾಬಾಸಾಹೇಬರು ಅಲ್ಲಿ ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಮಾನವಶಾಸ್ತ್ರದ ಮನೆಯೊಳಗೇ ನಿಂತು ಹೇಳಿದ್ದು ಇಷ್ಟು: ಈ ದೇಶದ ಜನ ಎಲ್ಲರೂ ಬೆರೆತವರು; ಜಾತಿ ಹುಟ್ಟಿದ್ದು ರಕ್ತದಿಂದ ಅಲ್ಲ, ತನ್ನ ಗುಂಪಿನೊಳಗೇ ಮದುವೆ ಅನ್ನೋ ಕಟ್ಟುಪಾಡಿನಿಂದ; ಆ ಬೇಲಿಯನ್ನ ಹೆಣ್ಣಿನ ಮೈಮೇಲೆ ಹಾಕಿದರು, ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಎಲ್ಲ ಅದರ ಕಾವಲುಗಾರರು. ಜನ ಮೊದಲು ಬೆರೆತರು, ಬೇಲಿ ಆಮೇಲೆ ಬಂತು. ಈ ಅನುಕ್ರಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1936ರ 'ಜಾತಿ ವಿನಾಶ'ದಲ್ಲಿ ಕೇಳಿದರು: ಪಂಜಾಬಿನ ಬ್ರಾಹ್ಮಣನಿಗೂ ಮದರಾಸಿನ ಬ್ರಾಹ್ಮಣನಿಗೂ ಯಾವ ರಕ್ತಸಂಬಂಧ? ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಕುಲ, ಮದರಾಸಿನ ಬ್ರಾಹ್ಮಣನೂ ಅಲ್ಲಿನ ಪರೆಯನೂ ಒಂದೇ ಕುಲ. 1946ರಲ್ಲಿ ಶೂದ್ರರ ಕುರಿತ ಪುಸ್ತಕದಲ್ಲಿ ಆರ್ಯರ ದಂಡಯಾತ್ರೆಯ ಸಿದ್ಧಾಂತವನ್ನೇ ಒಪ್ಪಲಿಲ್ಲ. 1948ರಲ್ಲಿ ಅಸ್ಪೃಶ್ಯರ ಮೂಲದ ಕುರಿತ ಪುಸ್ತಕ ಬಂತು. ಅಲ್ಲಿ ಅವರ ವಕೀಲಿ ಬುದ್ಧಿ ನೋಡಬೇಕು. ಸಮಾಜಶಾಸ್ತ್ರಜ್ಞ ಘುರ್ಯೆ ಕೊಟ್ಟಿದ್ದ ಅದೇ ಮೂಗಿನ ಅಳತೆಗಳನ್ನೇ ಎದುರಿಗಿಟ್ಟುಕೊಂಡು, ಪ್ರಾಂತ ಪ್ರಾಂತವಾಗಿ ಹೋಲಿಸಿ ಹೇಳಿದರು: ಈ ಅಳತೆಯ ಶಾಸ್ತ್ರ ನಂಬೋದೇ ಆದರೆ, ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ. ಅವನು ಆರ್ಯ ಆದರೆ ಇವನೂ ಆರ್ಯ. ಅವನು ದ್ರಾವಿಡ ಆದರೆ ಇವನೂ ದ್ರಾವಿಡ. ಎದುರಾಳಿಯ ಕೋಲು ಕಿತ್ಕೊಂಡು ಅವನಿಗೇ ಬಾರಿಸೋದು ಅಂದ್ರೆ ಇದು.

ನಾವೇನು ಮಾಡಿದ್ವಿ? ಬಾಬಾಸಾಹೇಬರ ಫೋಟೋ ಕೆಳಗೇ ನಿಂತು, ಅವರು ಬೇಡ ಅಂದ ಜನಾಂಗ ಸಿದ್ಧಾಂತಾನೇ ಭಾಷಣ ಮಾಡಿದ್ವಿ. ಫುಲೆ ಹೇಳಿದ್ದಾರಲ್ಲ ಅಂತೀರಿ. ಹೌದು, ಫುಲೆಯವರು ಆರ್ಯರ ಆಕ್ರಮಣದ ಮಾತಾಡಿದ್ರು. ಯುರೋಪಿನ ಪಂಡಿತರ ಆ ಕಾಲದ ಸಿದ್ಧಾಂತಾನ ಬುಡಮೇಲು ಮಾಡಿ, ಗೆದ್ದೋರನ್ನ ಕಳ್ಳರು ಅಂತ ತೋರಿಸಿದ ಕ್ರಾಂತಿ ಅದು. ಅವರ ಕಾಲಕ್ಕೆ ಇದ್ದ ಆಯುಧ ಅವರು ಬಳಸಿದರು.

ಇನ್ನು ಕಲ್ಲು, ಮೂಳೆ. ಇದನ್ನ ಬೇಗ ಹೇಳಿ ಮುಗಿಸ್ತೀನಿ, ಇದು ತುಂಬ ಹಿಂದಿನ ಕಥೆ. 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಮದರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಕಂಡ. ಆಮೇಲೆ ನಮ್ಮ ಕರ್ನಾಟಕದಲ್ಲೂ ಅಲೆದು ರಾಶಿ ನೆಲೆ ಗುರುತಿಸಿದ. ಸುರಪುರದ ಕಡೆ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದ ಜಾಗ ಸುಮಾರು 12 ಲಕ್ಷ ವರ್ಷದ ಹಿಂದಿನ ಕಲ್ಲಿನ ಕಾರ್ಖಾನೆ ಅಂತ ಕಾಲನಿರ್ಣಯ ಆಗಿದೆ. ಆ ಕಲ್ಲು ಒಡೆದೋರು ನಮ್ಮಂಥ ಮನುಷ್ಯರೇ ಅಲ್ಲ, ನಮಗಿಂತ ಹಿಂದಿನ ಬಗೆಯೋರು. ನಮ್ಮ ಬಗೆಯ ಮನುಷ್ಯ ಹುಟ್ಟಿದ್ದು ಆಫ್ರಿಕಾದಲ್ಲಿ, ಸುಮಾರು 3 ಲಕ್ಷ ವರ್ಷದ ಹಿಂದೆ. ಈ ನೆಲಕ್ಕೆ ಬಂದದ್ದು ಅದಕ್ಕಿಂತ ಎಷ್ಟೋ ಈಚೆಗೆ. ಅಂದಮೇಲೆ ಈ ದೇಶದಲ್ಲಿ ಹೊರಗಿಂದ ಬರದ ಮನುಷ್ಯನೇ ಇಲ್ಲ. ಮೊದಲ ಬಸ್ಸಿಗೆ ಬಂದೋರು, ಕೊನೆ ಬಸ್ಸಿಗೆ ಬಂದೋರು, ಇಷ್ಟೇ ವ್ಯತ್ಯಾಸ.

ನಮ್ಮ ಹತ್ತಿರಕ್ಕೆ ಬರೋಣ. ತಿರುಮಕೂಡಲು ನರಸೀಪುರ, ಕಪಿಲೆ ಕಾವೇರಿ ಸೇರೋ ಜಾಗ, ಗುಂಡ್ಲುಪೇಟೆಯಿಂದ ದೂರ ಏನಿಲ್ಲ. ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿ 1959ರಿಂದ 65ರ ನಡುವೆ ಅಲ್ಲಿ ಅಗೆಸಿದರು. ನವಶಿಲಾಯುಗದ ಸಮಾಧಿಗಳು, ಮಡಕೆಗಳು ಸಿಕ್ಕವು. ಮಣ್ಣಿನಲ್ಲಿ ಮಾಡಿದ ತಲೆದಿಂಬು ಕೂಡ ಅಲ್ಲಿ ಸಿಕ್ಕಿದೆ. ನಾಲ್ಕು ಸಾವಿರ ವರ್ಷದ ಹಿಂದೆ ಯಾರೋ ದಣಿದು ತಲೆ ಇಟ್ಟ ದಿಂಬು. ಅಲ್ಲಿಗೆ ಪುಣ್ಯಸ್ನಾನಕ್ಕೆ ಹೋಗೋ ಲಕ್ಷ ಜನರಲ್ಲಿ ಇದು ಎಷ್ಟು ಮಂದಿಗೆ ಗೊತ್ತೋ.

ಸಂಗನಕಲ್ಲು ಮತ್ತೆ ಉತ್ತರದ ಇತರ ನವಶಿಲಾಯುಗದ ಹಟ್ಟಿಗಳ ಬೂದಿಯನ್ನ ನೀರಿನಲ್ಲಿ ತೇಲಿಸಿ, ಸುಟ್ಟ ಕಾಳುಗಳನ್ನ ಸೋಸಿ ನೋಡಿದವರು ಡೋರಿಯನ್ ಫುಲ್ಲರ್. ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ. ಹುರುಳಿ ಬಿತ್ತೋ ನಮ್ಮ ಗುಂಡ್ಲುಪೇಟೆ ಸೀಮೆಯೋರಿಗೆ ಇದಕ್ಕಿಂತ ಹತ್ತಿರದ ಪುರಾತನ ಇತಿಹಾಸ ಯಾವುದಿದೆ? ಪಕ್ಕದಲ್ಲೇ ದನದ ಸಗಣಿ ಸುಟ್ಟ ದೊಡ್ಡ ದೊಡ್ಡ ಬೂದಿ ದಿಬ್ಬಗಳು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರು ದನ ಕಡಿದು ಮಾಂಸ ಮಾಡುತ್ತಿದ್ದ ನೆಲವನ್ನೇ ಹಂಗಂಗೇ ತೆರೆದು ತೋರಿಸಿದರು, ಮೂಳೆ ಸಮೇತ, ಕಲ್ಲಿನ ಚಾಕು ಸಮೇತ. ದನ ಸಾಕಿದೋರೂ ಅವರೇ, ತಿಂದೋರೂ ಅವರೇ. ಊರಿಗೆ ಊರೇ ತಿಂದದ್ದು, ಕೇರಿ ಮಾತ್ರ ಅಲ್ಲ. ಆ ಮೂಳೆ ಜೊತೆ ಜಾತಿ ಸರ್ಟಿಫಿಕೇಟ್ ಸಿಕ್ಕಿಲ್ಲ. ಅವರು ಬರೀ ನಮ್ಮ ಅಜ್ಜಂದಿರು ಅಂತ ನಾನು ಹೇಳೋದಿಲ್ಲ, ಇವತ್ತು ಗೋಮಾಂಸದ ಹೆಸರಲ್ಲಿ ನಮ್ಮನ್ನ ಹೊಡೆಯೋಕೆ ಬರೋನ ಅಜ್ಜಂದಿರೂ ಅವರಲ್ಲಿ ಇರಬಹುದು. ತಿನ್ನೋದನ್ನ ಇಟ್ಟುಕೊಂಡೇ ಒಬ್ಬರನ್ನ ಮುಟ್ಟಬಾರದು ಅಂತ ಮಾಡಿದ ಕಥೆಯನ್ನ ಬಾಬಾಸಾಹೇಬರು 1948ರಲ್ಲೇ ಬರೆದಿದ್ದರು, ಸುಮಾರು ಕ್ರಿ.ಶ. 400ರ ಹೊತ್ತಿಗೆ ಅಸ್ಪೃಶ್ಯತೆ ಹುಟ್ಟಿತು ಅನ್ನೋದು ಅವರ ಅಂದಾಜು.

ಈಗ ಡಿಎನ್‌ಎ. ನಮ್ಮ ವೇದಿಕೆಗಳ ಭಾಷಣಕ್ಕೆ ಬೆಂಕಿ ಕೊಟ್ಟದ್ದು 2001ರ ಒಂದು ಅಧ್ಯಯನ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮೈಕೆಲ್ ಬಮ್ಶಾದ್ ಮತ್ತು ಜೊತೆಗಾರರು ವಿಶಾಖಪಟ್ಟಣ ಜಿಲ್ಲೆಯ ಕೆಲವು ಜಾತಿಗಳ ಗಂಡಸರ ರಕ್ತ ನೋಡಿ, ಮೇಲ್ಜಾತಿಯೋರ ತಂದೆ ಕಡೆಯ ಗುರುತುಗಳು ಯುರೋಪಿಗೆ ಹೆಚ್ಚು ಹತ್ತಿರ ಅಂದರು. ತಾಯಿ ಕಡೆಯ ಗುರುತುಗಳಲ್ಲಿ ಎಲ್ಲ ಜಾತಿಯೋರೂ ಹೆಚ್ಚಾಗಿ ಏಷ್ಯಾದೋರೇ ಅಂತಲೂ ಹೇಳಿದ್ದರು. ನಾವು ಮೊದಲನೇ ಸಾಲು ಇಟ್ಕೊಂಡು ಎರಡನೇ ಸಾಲು ಬಿಟ್ವಿ.

ಆಮೇಲೆ ವಿಜ್ಞಾನ ಮುಂದೆ ಹೋಯ್ತು, ನಾವು ಅಲ್ಲೇ ನಿಂತ್ವಿ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿಯ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಗುಂಪು 25 ಸಮುದಾಯಗಳ 132 ಜನರನ್ನ ನೋಡಿ, ಭಾರತದ ಬಹುಪಾಲು ಜನ ಎರಡು ಹಳೇ ಜನಸಮೂಹಗಳ ಬೆರಕೆ ಅಂದಿತು. ಬೆರಕೆಯ ಪ್ರಮಾಣ ಹೆಚ್ಚು ಕಡಿಮೆ, ಬೆರಕೆ ಮಾತ್ರ ಎಲ್ಲರಲ್ಲೂ. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಜೊತೆಗಾರರು 73 ಸಮುದಾಯ ನೋಡಿ ಕಾಲವನ್ನೂ ಹೇಳಿದರು: ಈ ಬೆರೆಯುವಿಕೆ ನಡೆದದ್ದು ಇವತ್ತಿಗೆ 4,200ರಿಂದ 1,900 ವರ್ಷಗಳ ಹಿಂದೆ. ಭಿಲ್ಲರು, ಚಮ್ಮಾರರು, ಕಳ್ಳರ್ ಸಮುದಾಯದೋರಲ್ಲೂ ಅದು ಇದೆ. ಆಮೇಲೆ ಬೆರೆಯೋದು ನಿಂತುಹೋಯ್ತು. 2016ರಲ್ಲಿ ಅನಲಾಭ ಬಸು, ಪಾರ್ಥ ಮಜುಂದಾರ್ ಮೊದಲಾದವರು ಮೇಲ್ಜಾತಿಗಳಲ್ಲಿ ಹೊರಗಿನ ಮದುವೆ ಥಟ್ಟನೆ ನಿಂತದ್ದು ಸುಮಾರು 70 ತಲೆಮಾರಿನ ಹಿಂದೆ, ಗುಪ್ತರ ಕಾಲದ ಆಸುಪಾಸು ಅಂದರು.

ಮೊದಲು ಬೆರೆತರು, ಬೇಲಿ ಆಮೇಲೆ ಬಂತು. 25 ವರ್ಷದ ಹುಡುಗ 1916ರಲ್ಲಿ ಒಂದು ಹನಿ ರಕ್ತ ನೋಡದೆ ಹೇಳಿದ್ದ ಅನುಕ್ರಮ.

ಹಾಗಂತ ಕುಣಿಯಬೇಡಿ. ಗುಪ್ತರ ಕಾಲಕ್ಕೂ ಬಾಬಾಸಾಹೇಬರ ಕ್ರಿ.ಶ. 400ಕ್ಕೂ ತಾಳೆ ಆಗುತ್ತೆ ಅಂತ ಕೆಲವರು ಆಗಲೇ ಪೋಸ್ಟರ್ ಮಾಡಿದ್ದಾರೆ. ಜೀನು ಮದುವೆ ನಿಂತದ್ದನ್ನ ತೋರಿಸುತ್ತೆ, ಮುಟ್ಟೋದು ನಿಂತದ್ದನ್ನ ತೋರಿಸೋದಿಲ್ಲ. ಒಂದೊಂದು ಸಮುದಾಯದ ಬೇಲಿ ಒಂದೊಂದು ಕಾಲಕ್ಕೆ ಬಿದ್ದಿದೆ. ಆಂಧ್ರದ ವೈಶ್ಯರಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಹೊರಗಿನ ರಕ್ತ ಹೆಚ್ಚುಕಡಿಮೆ ಬಂದೇ ಇಲ್ಲ. ಅದರ ಬೆಲೆ ಅವರೇ ತೆರುತ್ತಿದ್ದಾರೆ. ಆಪರೇಷನ್‌ನಲ್ಲಿ ಸ್ನಾಯು ಸಡಿಲಿಸೋಕೆ ಕೊಡೋ ಒಂದು ಇಂಜೆಕ್ಷನ್ ಅವರಲ್ಲಿ ಕೆಲವರಿಗೆ ಆಗಿಬರೋದಿಲ್ಲ, ಉಸಿರೇ ನಿಲ್ಲಬಹುದು. ಡಾಕ್ಟರುಗಳು ಅದಕ್ಕೇ ಮೊದಲೇ ಸಮುದಾಯ ಕೇಳೋದುಂಟು. ಬೇಲಿ ಹೊರಗಿನೋರನ್ನ ಮಾತ್ರ ಕೊಲ್ಲೋದಿಲ್ಲ.

2019ರಲ್ಲಿ ರಾಖಿಗಢಿ ಬಂತು. ಹರಿಯಾಣದ ಸಿಂಧೂ ಕಾಲದ ಊರು. 61 ಮಾದರಿ ಪರೀಕ್ಷಿಸಿದರೆ ನಮ್ಮ ಬಿಸಿಲಿಗೆ ಒಂದೇ ಒಂದರಲ್ಲಿ ಡಿಎನ್‌ಎ ಉಳಿದಿತ್ತು, ಒಬ್ಬ ಹೆಣ್ಣುಮಗಳದ್ದು. ಆಕೆಯಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ಜನರ ಅಂಶ ಇಲ್ಲ. ಅದೇ ತಿಂಗಳು ಬಂದ ಇನ್ನೊಂದು ಪ್ರಬಂಧ, ಆ ಜನ ಇಲ್ಲಿಗೆ ಬಂದದ್ದು ಕ್ರಿ.ಪೂ. 2000ದ ಈಚೆಗೆ, ಅವರ ಅಂಶ ಪುರೋಹಿತ ಜಾತಿಗಳಲ್ಲಿ ಹೆಚ್ಚು ಅಂತ ತೋರಿಸಿತು. ಹಂಗಾಗಿ "ಯಾರೂ ಹೊರಗಿಂದ ಬಂದೇ ಇಲ್ಲ, ಎಲ್ಲ ಇಲ್ಲೇ ಹುಟ್ಟಿದ್ದು" ಅಂತ ಟಿವಿಯಲ್ಲಿ ಕೂಗೋರದ್ದೂ ಸುಳ್ಳು. ಬಂದದ್ದು ನಿಜ, ಬೆರೆತದ್ದೂ ನಿಜ. ನಮ್ಮ ಭಾಷಣದ "ಶುದ್ಧ ಮೂಲನಿವಾಸಿ" ಅನ್ನೋದು ಮಾತ್ರ ರಿಸ್ಲೆಯ ಮೂಗನ್ನೇ ತಿರುಗಿಸಿ ಹಾಕಿಕೊಂಡಂಗೆ. ಶುದ್ಧ ಅನ್ನೋ ಪದ ನಮ್ಮ ಬಾಯಿಗೆ ಯಾಕೆ ಬಂತು ಅಂತ ಯೋಚಿಸಿ. ಇನ್ನೂ ಕೇಳ್ತೀನಿ, ಬೇಜಾರಾಗಬೇಡಿ: ನಮ್ಮ ತಾಲ್ಲೂಕಿನಲ್ಲಿ ಎಡಗೈ ಬಲಗೈ ನಡುವೆ ಎಷ್ಟು ಮದುವೆ ಆಗಿವೆ? ನನ್ನ ತಂಗಿ ಮದುವೆ ಮಾತು ಬಂದಾಗ ನಾನೇ ಏನು ಮಾಡಿದೆ ಅಂತ ನನಗೆ ಗೊತ್ತು.

ಮದ್ದೂರಿನ ಹಾಡಿಗೆ ವಾಪಸ್ ಬರ್ತೀನಿ. ರಕ್ತದ ವಿಚಾರ ಅಲ್ಲಿ ಭಾಷಣದ್ದಲ್ಲ, ಬದುಕಿನದ್ದು. ಭಾರತದಲ್ಲಿ ಸಿಕಲ್ ಸೆಲ್, ಕುಡುಗೋಲಿನ ಹಾಗೆ ಬಾಗಿದ ರಕ್ತಕಣ, ಮೊದಲು ಗುರುತಾದ ಜಾಗಗಳಲ್ಲಿ ಒಂದು ನಮ್ಮ ಪಕ್ಕದ ನೀಲಗಿರಿ. 1952ರಲ್ಲಿ ಲೇಹ್ಮನ್, ಕಟ್‌ಬುಷ್ ಅನ್ನೋರು ಅಲ್ಲಿನ ಆದಿವಾಸಿಗಳಲ್ಲಿ ಕಂಡರು. ಎರಡು ವರ್ಷ ಕಳೆದು ಆಫ್ರಿಕಾದಲ್ಲಿ ಆಂಟನಿ ಆಲಿಸನ್ ಕಾರಣ ತೋರಿಸಿದ: ತಾಯಿ ತಂದೆಯಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದರೆ ಮಲೇರಿಯಾದಿಂದ ಕಾಪಾಡುತ್ತೆ, ಇಬ್ಬರಿಂದಲೂ ಬಂದರೆ ಕಾಯಿಲೆ. ಮಲೇರಿಯಾ ಇದ್ದ ಕಾಡಿನಲ್ಲಿ ತಲೆಮಾರುಗಟ್ಟಲೆ ಬದುಕಿದ್ದರ ಗುರುತು ಅದು. ಮನುಷ್ಯನ ವಿಕಾಸ ಅಂದ್ರೆ ಲಕ್ಷ ವರ್ಷದ ಹಿಂದೆ ಮುಗಿದ ಕಥೆ ಅಲ್ಲ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಿಕಲ್ ಸೆಲ್ ಯೋಜನೆಯಲ್ಲಿ 40 ವರ್ಷದೊಳಗಿನ ಆದಿವಾಸಿಗಳ ಪರೀಕ್ಷೆ ನಡೀತಿದೆ. ಗಂಡು ಹೆಣ್ಣು ಇಬ್ಬರೂ ಈ ಗುಣ ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. ಈ ಪರೀಕ್ಷೆ ಮಾಡಿಸ್ಕೊಳ್ಳಿ, ಕಾರ್ಡ್ ಇಸ್ಕೊಳ್ಳಿ ಅಂತ ನಾನೇ ಮನೆಮನೆಗೆ ಹೇಳಿದೀನಿ.

ಆದ್ರೆ ಆವತ್ತು ಒಬ್ಬ ಅಜ್ಜಿ ಮೊಮ್ಮಗಳ ಕೈ ಗಟ್ಟಿ ಹಿಡ್ಕೊಂಡು ಕೂತಿದ್ಲು. "ಮೊದ್ಲೂ ಬಂದಿದ್ರು ಕನ ಮಗ. ನಮ್ ರಕ್ತವ ಬಾಟ್ಲಿಗ ತುಂಬ್ಕಂಡು ಹೋದ್ರು. ಏನಾಯ್ತು ಅಂತ ಯಾರೂ ಬಂದು ಹೇಳ್ನಿಲ್ಲ." ಅದು ಯಾವ ಸಂಸ್ಥೆ ಅಂತ ಇಲ್ಲಿ ಬೇಡ. ಪಣಿಯ ಹೆಂಗಸರು ಥರ್ಸ್ಟನ್‌ನ ಕಂಡು ಓಡಿದ್ದು ನನಗೆ ನೆನಪಾದದ್ದು ಆಗಲೇ.

ಅಮೆರಿಕದ ಅರಿಜೋನಾದಲ್ಲಿ ಹವಾಸುಪಾಯ್ ಅಂತ ಒಂದು ಸಣ್ಣ ಬುಡಕಟ್ಟು ಇದೆ. ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಅಂತ ರಕ್ತ ಕೊಟ್ಟಿದ್ದರು. ಅದೇ ರಕ್ತದಲ್ಲಿ ಅವರ ಮೂಲ ಎಲ್ಲಿ, ಎಲ್ಲಿಂದ ಬಂದರು ಅಂತೆಲ್ಲ ಅವರನ್ನ ಕೇಳದೆ ನೋಡಿದರು. ಜನ ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟಿತು, ರಕ್ತವನ್ನೂ ವಾಪಸ್ ಕೊಟ್ಟಿತು. ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ ಸಂಶೋಧಕರಿಗೆ ತಾವೇ ನಿಯಮ ಬರೆದರು: ಗೌರವ ಇಟ್ಕೊಂಡು ಬನ್ನಿ, ನಿಜ ಹೇಳಿ, ಗೊತ್ತಾದದ್ದನ್ನ ನಮಗೂ ತಿಳಿಸಿ. ಇಷ್ಟು ಕೇಳೋಕೆ ಮದ್ದೂರಿನೋರಿಗೆ ಏನು ಕಮ್ಮಿ?

ಆ ಹುಡುಗನಿಗೆ ಕೊನೆಗೆ ಹೇಳಿದ್ದು ಇದು. 2006ರ ಅರಣ್ಯ ಹಕ್ಕು ಕಾಯ್ದೆ ನಿನ್ನ ಡಿಎನ್‌ಎ ಕೇಳೋದಿಲ್ಲ. ಬುಡಕಟ್ಟಿನೋರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ, ಕಾಡಿನ ಆಸರೆಯಲ್ಲಿ ಇದ್ದದ್ದು ತೋರಿಸಬೇಕು, ನಮ್ಮಂಥ ಬೇರೆಯೋರು 75 ವರ್ಷ. ಅದಕ್ಕೆ ಸಾಕ್ಷಿ ಅಂದ್ರೆ ಹಳೇ ಬಾವಿ, ದೇವರ ಜಾಗ, ನಿಮ್ಮ ಹಿರೀಕರನ್ನ ಹೂಳಿದ ನೆಲ, ಮತ್ತೆ ಅಜ್ಜಿಯ ಮಾತು. ಅಜ್ಜಿ ಹೇಳಿದ್ದನ್ನ ಬರೆದು ಹೆಬ್ಬೆಟ್ಟು ಹಾಕಿಸಿದರೆ ಅದನ್ನ ಸಾಕ್ಷಿ ಅಂತ ನಿಯಮವೇ ಒಪ್ಪುತ್ತೆ. "ಹಂಗಾರೆ ಎಂಜಲು ಕೊಡದು ಬ್ಯಾಡ್ವ?" ಅಂದ. ಕೊಡೋದು ಬಿಡೋದು ನಿಮ್ಮಿಷ್ಟ, ಮೊದಲು ಕೂತು ಪ್ರಶ್ನೆ ಬರೆಯೋಣ ಅಂದೆ.

ಅವತ್ತು ಸಂಜೆ ನೋಟ್‌ಬುಕ್ಕಿನಲ್ಲಿ ಐದು ಪ್ರಶ್ನೆ ಬರೆದ್ವಿ. ಯಾರು ಕಳಿಸಿದ್ದು, ಯಾತಕ್ಕೆ, ಎಷ್ಟು ವರ್ಷ ಇಟ್ಟುಕೊಳ್ತೀರಿ, ಬೇರೆಯೋರಿಗೆ ಕೊಡ್ತೀರಾ, ಫಲಿತಾಂಶ ಕನ್ನಡದಲ್ಲಿ ಯಾವಾಗ ಬಂದು ಹೇಳ್ತೀರಿ. ಐದನೇದನ್ನ ಹೇಳಿ ಬರೆಸಿದ್ದು ಅಜ್ಜಿ. ಬರೆಸಿ ಆದಮೇಲೆ ಹುಡುಗನ ಹತ್ತಿರ ಎರಡು ಸಲ ಓದಿಸಿ ಕೇಳಿದ್ಲು. ಈ ಭಾನುವಾರ ಅವಳ ಯಜಮಾನನನ್ನ ಹೂಳಿದ ಜಾಗಕ್ಕೆ ಹೋಗಿ ಜಿಪಿಎಸ್ ಗುರುತು ತೆಗೆಯೋದಿದೆ. ಆನೆ ಕಾಟ ಇರೋದರಿಂದ ಬೆಳಿಗ್ಗೆ 8ಕ್ಕೇ ಹೊರಡ್ತೀವಿ. ಗುಂಡ್ಲುಪೇಟೆ ಕಡೆಯಿಂದ ಬರೋರು ನನಗೆ ಫೋನ್ ಮಾಡಿ, ಬೈಕಿನಲ್ಲಿ ಒಬ್ಬರಿಗೆ ಜಾಗ ಇದೆ.

ಜೈಭೀಮ್.